ಅಣಕದ ಮರುದಿನ

ಸಂಗೊಳ್ಳಿಯ ಮಠದ ಬಸಯ್ಯನವರ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಒಂದು ಸಣ್ಣ ಕೋಣೆಯಿತ್ತು. ಕಿಟಕಿಯಿಲ್ಲ, ಗೂಡಿಲ್ಲ, ಗೋಡೆಗೆ ಒಂದು ಮೊಳೆ ಕೂಡ ಇಲ್ಲ. ಮನೆಯ ಸೊಸೆ ನಾಗರತ್ನಾ ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಅಲ್ಲಿ ಕೂಡಬೇಕು. ಒಲೆ ಮುಟ್ಟುವಂತಿಲ್ಲ, ದೇವರಮನೆಯ ಹೊಸ್ತಿಲ ಕಡೆ ಸುಳಿಯುವಂತಿಲ್ಲ, ನೀರಿನ ಕೊಡದ ಮೇಲೆ ನೆರಳು ಬೀಳಿಸುವಂತಿಲ್ಲ. ಅತ್ತೆ ತಂಗೆವ್ವ ಊಟದ ತಾಟನ್ನು ಬಾಗಿಲ ಬಳಿ ಇಟ್ಟು, ಬೆಕ್ಕಿಗೆ ಹಾಲು ಹಾಕಿದವರಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು.

ಕೇಳಿದವರು ಅಯ್ಯೋ ಪಾಪ ಅನ್ನಬೇಕಾದ ಮಾತೇ ಇದು. ಕಟಕೋಳದಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾಗರತ್ನಾ ಕೂಡ ಹಾಗೇ ಅಂದುಕೊಂಡು ಅತ್ತವಳು. ಆದರೆ ಎರಡನೆಯ ಹೆರಿಗೆಯಾದ ಮೇಲೆ ಅವಳಿಗೆ ಅವೇ ದಿನಗಳಲ್ಲಿ ಅರೆತಲೆನೋವು ಶುರುವಾಯಿತು. ಎಡಗಣ್ಣಿನ ಹಿಂದೆ ಯಾರೋ ಒರಳು ಹೂಡಿಕೊಂಡು ಖಾರ ಕುಟ್ಟುತ್ತಿರುವ ಹಾಗೆ. ಬೆಳಕು ಕಣ್ಣಿಗೆ ಚುಚ್ಚುವುದು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸುವುದು, ಒಂದು ತಂಬಿಗೆ ಉರುಳಿದರೂ ಸಾಕು, ತಲೆಯೊಳಗೆ ಕೊಪ್ಪರಿಗೆ ಉರುಳಿದಂತಾಗುವುದು. ಆಗ ಆ ಕತ್ತಲ ಕೋಣೆಯೇ ಅವಳಿಗೆ ತವರುಮನೆ. ಮೈಲಿಗೆಯೆಂದು ಮನೆಯವರು ದೂರ ಇಟ್ಟದ್ದೇ ಅವಳಿಗೆ ಮದ್ದು. ಯಾಕೆ ಮಲಗಿದೆ ಎಂದು ಕೇಳುವವರಿಲ್ಲ, ಎದ್ದು ಬಾ ಎನ್ನುವವರಿಲ್ಲ. ರೂಢಿ ಯಾವುದಕ್ಕೋ ಹುಟ್ಟಿದ್ದು, ತಲೆನೋವು ಅದರ ಸೆರಗಿನಲ್ಲಿ ಅಡಗಿ ಕೂತಿತ್ತು. ಅವಳಿಗೆ ತಲೆ ನೋಯುತ್ತದೆ ಅನ್ನುವುದು ಮನೆಯವರಿಗೆ ಸರಿಯಾಗಿ ಗೊತ್ತಾಗಲೇ ಇಲ್ಲ, ಗೊತ್ತಾಗುವ ಅಗತ್ಯವೂ ಬೀಳಲಿಲ್ಲ.

ನಲವತ್ತರ ಹತ್ತಿರ ಬಂದಾಗ ರಕ್ತ ಹೋಗುವುದು ಹೆಚ್ಚಾಯಿತು. ಮುಖ ಬಿಳಿಚಿಕೊಂಡಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಗರ್ಭಚೀಲದಲ್ಲಿ ಗಂಟುಗಳಿವೆ, ತೆಗೆಸುವುದೇ ಒಳ್ಳೆಯದು ಎಂದು ಡಾಕ್ಟರರು ಹೇಳಿ, ಧಾರವಾಡದಲ್ಲಿ ಆಪರೇಶನ್ ಆಯಿತು. ಚೆನ್ನಾಗಿಯೇ ಆಯಿತು. ಗಂಡ ಮಹಾದೇವ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತು ಮೋಸಂಬಿ ಸುಲಿದು ಕೊಟ್ಟ. ಮದುವೆಯಾದಂದಿನಿಂದ ಅವನು ಹೆಂಡತಿಗೆ ಸುಲಿದು ಕೊಟ್ಟ ಮೊದಲ ಹಣ್ಣು ಅದು. ತಂಗೆವ್ವ ನೋಡಲು ಬಂದವರಿಗೆಲ್ಲ ಹೇಳಿದಳು, ಇನ್ನು ತಿಂಗಳಿನ ಕಾಟ ಮುಗಿಯಿತು, ಹೊಟ್ಟೆನೋವು ಸೊಂಟನೋವು ಎಲ್ಲ ಅದರ ಜೊತೆಗೇ ಹೋದವು, ಗೂಡು ತೆಗೆದ ಮೇಲೆ ಹಕ್ಕಿ ಎಲ್ಲಿ ಕೂತೀತು ಅಂತ. ತಲೆನೋವೂ ಹೋಯಿತೆಂದು ನಾಗರತ್ನಾ ಕೂಡ ನಂಬಿದಳು. ಹಕ್ಕಿಗೆ ರೆಕ್ಕೆ ಇರುತ್ತವೆ ಅನ್ನುವುದನ್ನು ಇಬ್ಬರೂ ಮರೆತರು.

ಅವಳು ಊರಿಗೆ ಮರಳಿ ಬಂದಾಗ ಆ ಕೋಣೆ ಇರಲಿಲ್ಲ. ಅಂದರೆ ಗೋಡೆ ಇದ್ದವು, ಕೋಣೆ ಇರಲಿಲ್ಲ. ಹೇಗೂ ಖಾಲಿಯೇ ಅಲ್ಲವೇ ಎಂದು ಮಹಾದೇವ ಬೀದಿ ಕಡೆಯ ಬಾಗಿಲು ಅಗಲ ಮಾಡಿಸಿ, ಗಾಜು ಕೂರಿಸಿ, ಹಳದಿ ಬೋರ್ಡು ಬರೆಸಿ, ಎಸ್‌ಟಿಡಿ ಬೂತು ತೆರೆದಿದ್ದ. ಬಸಯ್ಯನವರೇ ತೆಂಗಿನಕಾಯಿ ಒಡೆದು ವಿಭೂತಿ ಹಚ್ಚಿದ್ದರು. ಅವಳು ಕಣ್ಣುಮುಚ್ಚಿ ಮಲಗುತ್ತಿದ್ದ ಜಾಗದಲ್ಲಿ ಈಗ ಕೆಂಪು ಅಂಕಿಗಳು ಪಿಳಿಪಿಳಿ ಓಡುತ್ತಿದ್ದವು, ಗಂಟೆ ಕಿರ್ರೆನ್ನುತ್ತಿತ್ತು. ಊರಿನ ಮಡಿವಾಳೆಪ್ಪ ರಾಮದುರ್ಗದ ಮಗಳಿಗೆ ಫೋನು ಮಾಡುವಾಗ, ರಾಮದುರ್ಗ ದೂರವೆಂದು ಕೂಗಿ ಮಾತನಾಡುತ್ತಿದ್ದ. ಬೈಲಹೊಂಗಲದ, ಕಾಳು ಮಾರಿಸಿಕೊಡುವ ಅಡತಿ ಅಂಗಡಿಗೆ ಮಾಡುವಾಗ ಹತ್ತಿರವೆಂದು ಪಿಸುಗುಡುತ್ತಿದ್ದ.

ಇದನ್ನು ಹಿತ್ತಲ ಗೋಡೆಯ ಆಚೆ ಇದ್ದ ಸುಗರಾಬಿಗೆ ಮಾಡಿ ತೋರಿಸಿದವಳು ನಾಗರತ್ನಾ. ಅದು ಅವಳ ಹುಟ್ಟುಗುಣ. ಕಟಕೋಳದ ಶಾಲೆಯಲ್ಲಿ ಮಾಸ್ತರರನ್ನು ಅಣಕಿಸಿ ಬೆಂಚಿನ ಮೇಲೆ ನಿಂತವಳು, ಲಗ್ನದಲ್ಲಿ ಪುರೋಹಿತರನ್ನು ಅಣಕಿಸಿ ಮದುಮಗಳಾಗಿಯೇ ಬೈಸಿಕೊಂಡವಳು. ಸುಗರಾಬಿ ರವಿಕೆ ಹೊಲಿಯುವವಳು, ಅವಳ ಗಂಡ ದಸ್ತಗೀರಸಾಬ ಸಂಗೊಳ್ಳಿಯಿಂದ ಬೈಲಹೊಂಗಲಕ್ಕೆ ಟೆಂಪೊ ಓಡಿಸುವವನು. ದಿನಕ್ಕೊಮ್ಮೆ ಗೋಡೆಯ ಈಚೆ ಒಬ್ಬಳು, ಆಚೆ ಒಬ್ಬಳು ನಿಂತು ಊರನ್ನೆಲ್ಲ ಅಣಕಿಸಿ ಮುಗಿಸಿದರೆ ಮಾತ್ರ ಇಬ್ಬರಿಗೂ ಉಂಡದ್ದು ಕರಗುತ್ತಿತ್ತು. ಎಲ್ಲರಿಗಿಂತ ಸೊಗಸಾಗಿ ಬರುತ್ತಿದ್ದುದು ತಂಗೆವ್ವನ ದನಿ. ಅತ್ತೆಗೆ ಕಿವಿ ಮಂದ ಎಂದು ನಾಗರತ್ನಾ ಧೈರ್ಯವಾಗಿದ್ದಳು. ಏನು ಕೇಳಿದರೂ “ಏನಂದಿ?” ಎಂದು ತಿರುಗಿ ಕೇಳುವ ಮುದುಕಿ.

ಆಪರೇಶನ್ ಆಗಿ ಹೊಲಿಗೆ ಒಣಗಿ, ಮತ್ತೆ ಒಲೆ ಮುಂದೆ ಕೂತ ಕೆಲವು ದಿನಕ್ಕೆ, ರೊಟ್ಟಿ ಬಡಿಯುತ್ತಿರುವಾಗ, ಎಡಗಣ್ಣಿನ ಹಿಂದೆ ಒರಳು ಮತ್ತೆ ಬಂದು ಕೂತಿತು.

ಮೊದಲ ಸಲ ಅಶಕ್ತತನ ಅಂದರು. ಎರಡನೆಯ ಸಲ ದೃಷ್ಟಿ ತೆಗೆದರು. ಸುಂಠಿ ತೇಯ್ದು ಹಣೆಗೆ ಹಚ್ಚಿದರು, ಹಣೆ ಸುಟ್ಟಿತು, ನೋವು ಹಾಗೇ ಉಳಿಯಿತು. ಮೂರನೆಯ ಸಲದ ಹೊತ್ತಿಗೆ ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟ. ಮೊದಲಾದರೆ ಮೈ ತಾನೇ ಮುನ್ಸೂಚನೆ ಕೊಡುತ್ತಿತ್ತು. ಈಗ ಮುನ್ಸೂಚನೆಯೂ ಇಲ್ಲ, ಮಲಗಲು ಜಾಗವೂ ಇಲ್ಲ, ಮಲಗಲು ಕಾರಣವೂ ಇಲ್ಲ. ಪಡಸಾಲೆಯಲ್ಲಿ ಬಸಯ್ಯನವರ ಬಳಿ ಬರುವ ಭಕ್ತರು, ಅಡುಗೆಮನೆಯಲ್ಲಿ ಹೊಗೆ, ಮೇಲೆ ಬೆಳಕಿಂಡಿಯಿಂದ ಬಿಸಿಲಿನ ಕೋಲು ನೇರ ಅವಳ ಹಾಸಿಗೆಗೇ ಬೀಳುವುದು.

ಅದರ ಮೇಲೆ ಒಂದು ಹೊಸ ಗೌರವ ಬಂದು ಅಂಟಿಕೊಂಡಿತು. ಜಂಗಮರ ಮನೆಯ ಹೆಂಗಸಿನ ಕೈಯ ನೈವೇದ್ಯದ ಅಡುಗೆ ಎಂದರೆ ಊರಿಗೆ ಮೊದಲಿಂದಲೂ ಬೇಕು. ಆದರೆ ಹೆಂಗಸರು ಎಂದಮೇಲೆ ನಡುವೆ ಒಮ್ಮೆ ತಪ್ಪುತ್ತಿತ್ತು. ಈಗ ನಾಗರತ್ನಾಳಿಗೆ ಆ ತೊಡಕೇ ಇಲ್ಲ. ಬಾರಾ ಮಹಿನಾ, ಹನ್ನೆರಡೂ ತಿಂಗಳು ಮಡಿ ಎಂದು ಬಸಯ್ಯನವರೇ ಬಾಯ್ತುಂಬ ಹೊಗಳಿದ್ದರು. ವಾಸ್ತುಶಾಂತಿಗೆ ಅವಳೇ, ಬಸುರಿಯರ ಕುಬಸಕ್ಕೆ ಅವಳೇ, ಶ್ರಾವಣ ಸೋಮವಾರಕ್ಕೆ ಅವಳೇ. ಕ್ಯಾಲೆಂಡರ್ ನೋಡಬೇಕಿಲ್ಲ, ಕೇಳಲು ಸಂಕೋಚಪಡಬೇಕಿಲ್ಲ. ಕರೆಂಟಿನ ಹಾಗೆ ಹೋಗಿ ಬರುವ ಮಡಿಯಲ್ಲ, ಬಾವಿಯ ನೀರಿನ ಹಾಗೆ ಸದಾ ಇರುವ ಮಡಿ. ಹೊಗೆಯಲ್ಲಿ, ಹಸಿದ ಹೊಟ್ಟೆಯಲ್ಲಿ, ತಲೆಗೆ ಸೆರಗು ಬಿಗಿದುಕೊಂಡು ಅವಳು ಹೋಳಿಗೆ ಲಟ್ಟಿಸುತ್ತಿದ್ದಳು.

ಒಂದು ದಿನ ಸುಗರಾಬಿ ಗೋಡೆಯ ಮೇಲಿಂದ ಅವಳ ಮುಖ ನೋಡಿ, ಏನೂ ಕೇಳದೆ, ಗಂಡನಿಗೆ ಟೆಂಪೊ ತಡೆಯಲು ಹೇಳಿದಳು. ರವಿಕೆಯ ಗುಂಡಿ ತರಲು ಬೈಲಹೊಂಗಲಕ್ಕೆ ಹೋಗುತ್ತೇವೆಂದು ತಂಗೆವ್ವನಿಗೆ ಹೇಳಿ ಇಬ್ಬರೂ ಅಲ್ಲಿನ ಹೆಣ್ಣುಮಕ್ಕಳ ಡಾಕ್ಟರಮ್ಮನ ಬಳಿ ಹೋದರು. ಡಾಕ್ಟರಮ್ಮ ಧಾರವಾಡದ ಕಾಗದ ನೋಡಿದಳು, ಕಣ್ಣಿಗೆ ಬ್ಯಾಟರಿ ಬಿಟ್ಟಳು, ಬಿಪಿ ನೋಡಿದಳು. ಪ್ರತಿ ಮಾತಿಗೂ ಮೊದಲು “ನೋಡ್ರಿ”, ಕೊನೆಗೆ “ಗೊತ್ತಾತಿಲ್ಲೋ?”, ನಡುವೆ ಪೆನ್ನಿನಿಂದ ಮೇಜಿಗೆ ಎರಡು ಏಟು.

“ನೋಡ್ರಿ, ಚೀಲಾ ಅಷ್ಟ ತಗದಾರ. ಅಂಡಾಶಯ ಎರಡೂ ಹಂಗ ಬಿಟ್ಟಾರ, ಅದು ಛಲೋನ ಮಾಡ್ಯಾರ. ಅವು ಇನ್ನೂ ಡ್ಯೂಟಿ ಮ್ಯಾಲೆ ಅದಾವ. ತಿಂಗಳಾ ಹಾರ್ಮೋನ್ ಏರತೈತಿ, ಇಳೀತೈತಿ. ರಕ್ತ ಹೊರಗ ಕಾಣಂಗಿಲ್ಲ, ಅಷ್ಟ ಫರಕು. ಇಳಿಯೂ ಮುಂದ ನಿಮ್ಮ ತಲಿ ಹಿಡೀತೈತಿ. ಗೊತ್ತಾತಿಲ್ಲೋ?”

ಗೊತ್ತಾಯಿತು. ಇಷ್ಟು ದಿನ ತಾನು ಸುಳ್ಳು ಹೇಳುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸಾಕಾಗಿದ್ದ ನಾಗರತ್ನಾಳಿಗೆ ಅಲ್ಲೇ ಕಣ್ಣೀರು ಬಂತು. ಡಾಕ್ಟರಮ್ಮ ಅದು ಮುಗಿಯುವವರೆಗೆ ಪೆನ್ನು ಬಡಿಯಲಿಲ್ಲ. ಆಮೇಲೆ ಗುಳಿಗೆ ಬರೆದುಕೊಟ್ಟಳು. ನೋವು ಏರಿದ ಮೇಲೆ ನುಂಗಿದರೆ ಗುಳಿಗೆ ಕೆಲಸ ಮಾಡುವುದಿಲ್ಲ, ಬರುವ ಸುಳಿವು ಸಿಕ್ಕಾಗಲೇ ನುಂಗಬೇಕು. ಹಸಿದಿರಬಾರದು. ಕತ್ತಲಲ್ಲಿ, ಸದ್ದಿಲ್ಲದ ಕಡೆ ಮಲಗಬೇಕು. ಕೆಲವರಿಗೆ ಹಿಂದಿನ ದಿನ ಆಕಳಿಕೆ ಬರುತ್ತದೆ, ಕೆಲವರಿಗೆ ಸಿಹಿ ತಿನ್ನಬೇಕೆನಿಸುತ್ತದೆ, ಕೆಲವರಿಗೆ ಇಲ್ಲದ ಹುರುಪು ಬರುತ್ತದೆ. ತಮಗೆ ತಾವೇ ತಿಳಿಯುವುದು ಕಡಿಮೆ, ಮನೆಯವರನ್ನು ಕೇಳಿ ನೋಡಿ.

ತಿರುಗಿ ಬರುವಾಗ ಟೆಂಪೊದಲ್ಲಿ ಸುಗರಾಬಿ ಬಹಳ ಹೊತ್ತು ಯೋಚಿಸಿ ಹೇಳಿದಳು. “ಹಂಗಂದ್ರ ವೈನಿ, ಚೀಲಾ ತಗೊಂಡ್ರು, ಚಿಲ್ಲರ ನಿನ್ನ ಕಡೆನ ಬಿಟ್ರು.”

ನಕ್ಕರು. ಆದರೆ ನಾಗರತ್ನಾಳ ತಲೆಯಲ್ಲಿ ಉಳಿದದ್ದು ಕಡೆಯ ಮಾತು. ಮನೆಯವರನ್ನು ಕೇಳುವುದು. ಯಾರನ್ನು? ಮಕ್ಕಳಿಬ್ಬರೂ ಬೈಲಹೊಂಗಲದ ಹಾಸ್ಟೆಲಿನಲ್ಲಿ. ಮಹಾದೇವ ಒಳ್ಳೆಯವನೇ, ಆದರೆ ಹೆಂಡತಿ ಹೊಸ ಸೀರೆ ಉಟ್ಟರೂ ಬಿಲ್ಲು ಬಂದ ಮೇಲೆ ಗೊತ್ತಾಗುವಂಥವನು. ಅತ್ತೆಗೆ ಹೇಳೋಣವೆಂದು ಒಂದೆರಡು ಸಲ ಬಾಯಿ ತೆರೆದಳು. “ಏನಂದಿ?” ಅಂದಳು ತಂಗೆವ್ವ. ಏನಿಲ್ಲ ಎಂದಳು ಇವಳು. ಡಾಕ್ಟರಮ್ಮನ ದನಿ ಮಾತ್ರ ಮರುದಿನವೇ ಗೋಡೆಯ ಮೇಲೆ ಬಂತು, ಪೆನ್ನಿನ ಬದಲು ಸೌಟಿನ ಎರಡು ಏಟಿನೊಂದಿಗೆ. ಗುಳಿಗೆ ಪೆಟ್ಟಿಗೆಯಲ್ಲಿತ್ತು. ನುಂಗಿದಾಗಲೆಲ್ಲ ತಡವಾಗಿರುತ್ತಿತ್ತು.

ನಾಗರ ಪಂಚಮಿ ಬಂತು. ಉಂಡಿ ಕಟ್ಟಲು ನೆರೆಯ ರಾಮವ್ವ, ತಾಯವ್ವ ಬಂದು ಅಡುಗೆಮನೆಯಲ್ಲಿ ಕೂತಿದ್ದರು. ಒಲೆಯ ಮೇಲೆ ಬೆಲ್ಲದ ಪಾಕ, ಪಕ್ಕದಲ್ಲಿ ಹುರಿದ ಎಳ್ಳು ಶೇಂಗಾ. ಪಾಕ ಎಳೆ ಬಂತೇ ಎಂದು ನೋಡಲು ಬಗ್ಗಿದ ನಾಗರತ್ನಾ ಬಗ್ಗಿದಲ್ಲೇ ಕಣ್ಣು ಮುಚ್ಚಿದಳು. ಎದ್ದು ಬಚ್ಚಲಿಗೆ ಓಡಿದಳು. ವಾಂತಿಯಾದ ಮೇಲೆ ಎದ್ದು ಬರಲು ಆಗಲಿಲ್ಲ. ಬಚ್ಚಲ ಕಲ್ಲು ತಂಪಗಿತ್ತು, ಕೆನ್ನೆಯನ್ನು ಅದಕ್ಕೇ ಕೊಟ್ಟು ಮಲಗಿಬಿಟ್ಟಳು.

ಪಾಕ ಗಟ್ಟಿಯಾಗಿ ಕಲ್ಲಾಯಿತು. ತಂಗೆವ್ವ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅಡುಗೆಮನೆಯಲ್ಲಿ ಕೂತವರಿಗೂ ಕೇಳುವಂತೆ ಹೇಳಿದಳು.

“ಏನ ನಡಸೀ ನೀ? ನಿನ್ನಿ ಇಡೀ ದಿನಾ ಗ್ವಾಡಿ ಹಿಡಕೊಂಡು ನನ್ನ ಅಣಕಿಸಿ ನಗತಿದ್ದಿ. ಇವತ್ತ ತಲೀಗೆ ಸೆರಗ ಕಟಗೊಂಡು ಮಲಗಿದಿ. ಹ್ವಾದ ತಿಂಗಳಾನೂ ಹಿಂಗ. ಅದರ ಹಿಂದಿನ ತಿಂಗಳಾನೂ ಹಿಂಗ. ಒಂದಿನಾ ಹಗಲೆಲ್ಲಾ ಅಣಕಸೂದು, ಮರುದಿನಾ ಮಲಗೂದು. ನನಗ ಕಿವಿ ಕೇಳಂಗಿಲ್ಲಂತ ತಿಳದೀಯೇನ?”

ಅಡುಗೆಮನೆಯಲ್ಲಿ ಉಂಡಿ ಕಟ್ಟುವ ಕೈಗಳು ನಿಂತವು. ನಾಗರತ್ನಾಳಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಇಷ್ಟು ವರ್ಷದ ಅಣಕವನ್ನೆಲ್ಲ ಈ ಮುದುಕಿ ಒಂದೂ ಬಿಡದೆ ಕೇಳಿಸಿಕೊಂಡಿದ್ದಾಳೆ. ನಾಚಿಕೆ ನೋವಿಗಿಂತ ಮೇಲೆ ಹೋಯಿತು. ಆದರೆ ಆ ನಾಚಿಕೆಯ ತಳದಲ್ಲಿ ಡಾಕ್ಟರಮ್ಮ ಹೇಳಿದ ಹುರುಪಿನ ಮಾತು ಹೊಳೆಯಿತು. ಅವಳು ಕಲ್ಲಿನಿಂದ ಕೆನ್ನೆ ಎತ್ತಿದಳು.

“ಹ್ವಾದ ತಿಂಗಳಾನೂ ಹಿಂದಿನ ದಿನಾನರೀ?”

“ಏನಂದಿ?”

“ತಲಿ ಹಿಡಿಯೋ ಹಿಂದಿನ ದಿನಾನ ಅಣಕಿಸಿದ್ನೇನ್ರಿ ಅತ್ತಿ? ಪ್ರತೀ ಸಲಾನೂ?”

ಬೈಗುಳಕ್ಕೆ ಅಳು ಬರಬೇಕು, ಇಲ್ಲವೇ ಎದುರುತ್ತರ ಬರಬೇಕು. ಪ್ರಶ್ನೆ ಬಂದರೆ ಏನು ಮಾಡಬೇಕೆಂದು ತಂಗೆವ್ವನಿಗೆ ತಿಳಿಯಲಿಲ್ಲ. ಹೂಂ ಅಂದಳು.

ಸಂಜೆ ನೋವು ಇಳಿದ ಮೇಲೆ ನಾಗರತ್ನಾ ಅತ್ತೆಯ ಕಾಲ ಬಳಿ ಕೂತು ಎಲ್ಲ ಹೇಳಿದಳು. ಗುಂಡಿ ತರಲು ಹೋದದ್ದಲ್ಲ ಎಂಬುದರಿಂದ ಹಿಡಿದು, ಹುರುಪಿನ ಸುಳಿವಿನವರೆಗೆ. ತಂಗೆವ್ವ ಅಕ್ಕಿಯ ಕಲ್ಲು ಆರಿಸುತ್ತಲೇ ಕೇಳಿದಳು. ಅವಳು ನಂಬಲಿಲ್ಲ. ಚೀಲವೇ ಇಲ್ಲದವಳಿಗೆ ತಿಂಗಳು ಎಲ್ಲಿಯದು ಎಂಬ ಗಂಟು ಅವಳಿಗೆ ಬಿಚ್ಚಲಿಲ್ಲ.

“ನಿಮ್ಮ ಡಾಕ್ಟರಮ್ಮ ಅತ್ತೀನ್ನ ಅಣಕಸೂದಕ್ಕೂ ಗುಳಿಗಿ ಕೊಡತಾಳೇನ?” ಎಂದು ಕೇಳಿ, ಮೊರದ ತುದಿಯ ಕಲ್ಲನ್ನು ಹೊರಗೆಸೆದು, ಕೊನೆಗೆ ಹೇಳಿದಳು. “ಮುಂದಿನ ಸಲ ನಾ ಹೇಳತೇನಿ, ನಾಳೆ ಬರತೈತಿ ಅಂತ. ಬರಲಿಲ್ಲಂದ್ರ ಮುಂದ ತಲಿ ಅನ್ನೂ ಮಾತ ಈ ಮನ್ಯಾಗ ತಗೀಬಾರದ ನೋಡು.”

ನಾಗರತ್ನಾ ಒಪ್ಪಿದಳು. ಒಪ್ಪಿದ ಮೇಲೆ ಹೆದರಿದಳು. ತಲೆನೋವು ಬರಲಿ ಎಂದು ದೇವರಲ್ಲಿ ಬೇಡಿಕೊಳ್ಳಬೇಕಾದ ಪ್ರಸಂಗ ಯಾರಿಗೂ ಬರಬಾರದು. ಬರದಿದ್ದರೆ ಅವಳು ಸುಳ್ಳಿ. ಆಮೇಲೆ ಬಂದದ್ದನ್ನೆಲ್ಲ ಬಾಯಿಮುಚ್ಚಿಕೊಂಡು, ಒಲೆಯ ಮುಂದೆ ಕೂತೇ ತೀರಿಸಬೇಕು.

ತಂಗೆವ್ವನಿಗೆ ಇದು ಹೊಸ ಕೆಲಸವಲ್ಲ. ಸೊಸೆ ಬಂದಂದಿನಿಂದ ಅವಳ ದಿನಗಳನ್ನು ಸೊಸೆಗಿಂತ ಮೊದಲು ಅರಿತವಳು ಅವಳೇ. ದೇವರ ಅಡುಗೆಗೆ ಯಾರು ಕೂಡಬೇಕೆಂದು ಮೊದಲೇ ಗೊತ್ತಿರಬೇಕಿತ್ತಲ್ಲ. ಆಪರೇಶನ್ ಆದ ಮೇಲೆ ಆ ಕಾವಲಿಗೆ ನಿವೃತ್ತಿ ಬಂದು ಅವಳಿಗೂ ಒಂದಿಷ್ಟು ಬಿಕೋ ಎನಿಸಿತ್ತು. ಈಗ ಮತ್ತೆ ಹಿತ್ತಲ ಬಾಗಿಲ ಬಳಿ ಮೊರ ಹಿಡಿದು ಕೂಡತೊಡಗಿದಳು, ಈ ಸಲ ಬಹಿರಂಗವಾಗಿ. ಅದರಿಂದ ಗೋಡೆಯ ಮೇಲಿನ ಅಣಕವೇ ಸತ್ತುಹೋಯಿತು. ಅತ್ತೆ ಎದುರಿಗೆ ಕೂತು ಕೇಳುತ್ತಿರುವಾಗ ಅತ್ತೆಯನ್ನು ಅಣಕಿಸುವುದು ಹೇಗೆ? ನಾಗರತ್ನಾ ಬೆಂಡೆಕಾಯಿಯ ಧಾರಣೆ ಮಾತನಾಡಿದಳು. ಸುಗರಾಬಿ ನೂಲಿನ ಬಣ್ಣ ಮಾತನಾಡಿದಳು. ಇಬ್ಬರಿಗೂ ಉಂಡದ್ದು ಕರಗಲಿಲ್ಲ.

ಊರಿನ ನಿಜಗುಣಪ್ಪ ಹೊಸ ಮನೆ ಕಟ್ಟಿಸಿದ್ದ. ಸೋಮವಾರ ಶಾಂತಿ, ನೈವೇದ್ಯದ ಹೋಳಿಗೆಗೆ ನಾಗರತ್ನಾಳೇ ಬರಬೇಕೆಂದು ಹೇಳಿಹೋಗಿದ್ದರು. ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದಳು. ಮಡಿವಾಳೆಪ್ಪ ಬೂತಿನಿಂದ ರಾಮದುರ್ಗದವರೆಗೆ ಕೂಗುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಅವನ ಕೂಗು ಮಾಡಿದಳು, ಆಚೆಯಿಂದ ಮಗಳ ಉತ್ತರವನ್ನೂ ಮಾಡಿದಳು. ಅಲ್ಲಿಂದ ಕಂಡಕ್ಟರ್, ಅಲ್ಲಿಂದ ಕಾಯಿಪಲ್ಲೆ ಮಾರುವವಳು, ಅಲ್ಲಿಂದ ಡಾಕ್ಟರಮ್ಮ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಬಂದವು. ಸುಗರಾಬಿ ಗೋಡೆ ಹಿಡಿದು ಬಗ್ಗಿ ನಗುತ್ತಿದ್ದಳು. ಆ ಹುರುಪಿನಲ್ಲಿ ನಾಗರತ್ನಾ ಬಾಗಿಲ ಬಳಿ ಯಾರು ಕೂತಿದ್ದಾರೆ ಎಂಬುದೂ ಮರೆತು, ಸೊಂಟದ ಮೇಲೆ ಕೈಯಿಟ್ಟು, ಮೂಗಿನಿಂದ ದನಿ ಎಳೆದು ಅತ್ತೆಯನ್ನೇ ಶುರುಮಾಡಿದಳು. “ನಮ್ಮ ಕಾಲದಾಗ ನಮಗ ತಲೀನ ಇರಲಿಲ್ಲ, ನೋವೆಲ್ಲಿಂದ ಬರಬೇಕ ತಂಗಿ.”

ಸುಗರಾಬಿಯ ನಗು ಅರ್ಧಕ್ಕೇ ನಿಂತಿತು. ನಾಗರತ್ನಾ ತಿರುಗಿ ನೋಡಿದಳು. ತಂಗೆವ್ವ ಒಂದು ಕೈಯಲ್ಲಿ ಗುಳಿಗೆ, ಒಂದು ಕೈಯಲ್ಲಿ ಬೆಣ್ಣೆ ಸವರಿದ ರೊಟ್ಟಿ ಹಿಡಿದು ನಿಂತಿದ್ದಳು.

“ಮದಲ ರೊಟ್ಟಿ ತಿನ್ನು. ಹಸದ ಹೊಟ್ಟ್ಯಾಗ ತಗೋಬಾರದಂತಲ್ಲ.”

“ನಾ ಛಲೋ ಅದೇನ್ರಿ ಅತ್ತಿ. ಏನೂ ಆಗಿಲ್ರಿ.”

“ಬ್ಯಾರೆ ದಿನಾ ನೀ ನನ್ನ ಬರೇ ಬಾಯಿಲೆ ಅಣಕಸ್ತಿ,” ಎಂದಳು ತಂಗೆವ್ವ. “ತಲಿ ಹಿಡಿಯೋ ಹಿಂದಿನ ದಿನಾ ಮೂಗಿನ್ಯಾಗಿಂದ ಬರತೈತಿ. ಥೇಟ್ ನಾನ ಮಾತಾಡಿದಂಗ ಕೇಳತೈತಿ. ನನಗ ಅಂಜಿಕಿ ಬರತೈತಿ. ತಿನ್ನು.”

ನಾಗರತ್ನಾ ತಿಂದಳು, ನುಂಗಿದಳು. ಆಮೇಲೆ ಒಂದು ಆಕಳಿಕೆ ಬಂತು. ಅದರ ಹಿಂದೆ ಇನ್ನೊಂದು.

ಬೆಳಗಾದಾಗ ನೋವು ಬಂದಿತ್ತು. ಹುಲಿ ಬರಬೇಕಾದ ಕಡೆ ಬೆಕ್ಕು ಬಂದ ಹಾಗೆ. ಉಗುರು ಅವೇ, ಗಾತ್ರ ಸಣ್ಣದು. ವಾಂತಿ ಇರಲಿಲ್ಲ. ಆದರೂ ಬೆಳಕಿಂಡಿಯ ಕೋಲುಬಿಸಿಲು ಚುಚ್ಚುತ್ತಿತ್ತು, ಬೂತಿನ ಗಂಟೆ ಕಿರ್ರೆಂದಾಗಲೆಲ್ಲ ಕಣ್ಣಿನ ಹಿಂದೆ ಒನಕೆ ಬೀಳುತ್ತಿತ್ತು. ನಿಜಗುಣಪ್ಪನ ಮನೆಯಿಂದ ನೆರೆಯ ರಾಮವ್ವ ಕರೆಯಲು ಬಂದು ಪಡಸಾಲೆಯಲ್ಲಿ ನಿಂತಾಗ, ನಾಗರತ್ನಾ ರೂಢಿಯಂತೆ ತಲೆಗೆ ಸೆರಗು ಬಿಗಿದುಕೊಂಡು ಗೋಡೆ ಹಿಡಿದು ಎದ್ದಳು.

ತಂಗೆವ್ವ ಅವಳ ಮುಖ ನೋಡಿದಳು. ನಿನ್ನೆ ಅಷ್ಟು ದನಿ ತೆಗೆದ ಬಾಯಿ ಇಂದು ನೀರು ಕೇಳಲೂ ತೆರೆಯುತ್ತಿರಲಿಲ್ಲ. ಇಂಥ ಮುಖವನ್ನು ಅವಳು ಆ ಬೀದಿ ಕೋಣೆಯ ಬಾಗಿಲಲ್ಲಿ ತಾಟು ಇಟ್ಟು ಸರಿಯುವಾಗ ಎಷ್ಟೋ ವರ್ಷ ನೋಡಿದ್ದಳು. ಮುಟ್ಟಬಾರದವಳ ಮುಖವೆಂದು ನೋಡಿದ್ದಳು, ನೋಯುವವಳ ಮುಖವೆಂದು ನೋಡಿರಲಿಲ್ಲ.

“ಕುಂಡ್ರು,” ಅಂದಳು. ಎಲ್ಲಿ ಎಂದು ತಾನೇ ಯೋಚಿಸಿದಳು. ಪಡಸಾಲೆ ನೋಡಿದಳು, ಅಡುಗೆಮನೆ ನೋಡಿದಳು, ಗಾಜಿನಾಚೆ ಕೆಂಪು ಅಂಕಿ ಓಡುವುದನ್ನು ನೋಡಿದಳು. ಆಮೇಲೆ ನಡುಮನೆಯ ತುದಿಗೆ ಹೋಗಿ ದೇವರಮನೆಯ ಬಾಗಿಲು ತೆರೆದಳು. ಆ ಮನೆಯಲ್ಲಿ ಅದೊಂದೇ ಕಿಟಕಿಯಿಲ್ಲದ ಕೋಣೆ ಉಳಿದಿತ್ತು. ದಪ್ಪ ಮಣ್ಣಿನ ಗೋಡೆ, ಹಗಲಲ್ಲೂ ದೀಪ ಬೇಕಾಗುವಷ್ಟು ಕತ್ತಲೆ, ಬೇಸಿಗೆಯಲ್ಲೂ ತಣ್ಣಗಿನ ನೆಲ.

ಸ್ನಾನ ಮುಗಿಸಿ ಪೂಜೆಗೆ ಬಂದ ಬಸಯ್ಯನವರು ಹೆಂಡತಿ ಅಲ್ಲಿ ಚಾಪೆ ಹಾಸುವುದನ್ನು ಕಂಡು ಕಕ್ಕಾಬಿಕ್ಕಿಯಾದರು. ದೇವರಮನೆಯಲ್ಲಿ ಮಲಗುವುದೆಂದರೇನು, ಅವರ ಅಜ್ಜನ ಕಾಲದಿಂದ ಯಾರೂ ಅಲ್ಲಿ ಕಾಲು ಕೂಡ ಚಾಚಿಲ್ಲ ಎಂದು ಹೇಳಿದರು.

“ಈಕಿ ಬಾರಾ ಮಹಿನಾ ಮಡಿ ಅಂತ ಊರಿಗೆಲ್ಲಾ ಹೇಳಿದಾವ್ರ ನೀವ,” ಎಂದಳು ತಂಗೆವ್ವ. “ಮಡಿ ಇದ್ದಾಕಿ ದೇವರ ಮುಂದ ಮಲಗಿದ್ರ ದೇವರಿಗೇನ ಆಗತೈತ್ರಿ? ಮೈಲಿಗಿ ಅಂದಾಗ ಜಗಾ ಕೊಟ್ಟಿದ್ವಿ. ಮಡಿ ಆದಾಕಿಗೆ ಜಗಾ ಇಲ್ಲೇನ?”

ಬಸಯ್ಯನವರು ಬಾಯಿ ತೆರೆದರು. ಶಾಸ್ತ್ರ ಹುಡುಕಿದರು. ತಾವೇ ಹೊಗಳಿ ಕಟ್ಟಿದ ಗೋಡೆಗೆ ತಾವೇ ಹಾಯ್ದಂತಾಗಿತ್ತು. ಕೊನೆಗೆ ಸೊಸೆಯ ಕಡೆ ನೋಡದೆ, ಕಾಲು ಮಾತ್ರ ಬಾಗಿಲ ಕಡೆ ಮಾಡಿಕೊಳ್ಳಲಿ ಎಂದರು.

ನಾಗರತ್ನಾ ಮಲಗಿದಳು. ನಂದಾದೀಪದ ಕುಡಿ ಕಣ್ಣಿಗೆ ಸೂಜಿಯಂತೆ ಬಂತು, ಅವಳು ತೋಳು ಅಡ್ಡ ಇಟ್ಟುಕೊಂಡಳು. ತಂಗೆವ್ವ ಅದನ್ನು ಕಂಡಳು. ಆ ದೀಪವನ್ನು ಅವಳು ಸೊಸೆಯಾಗಿ ಬಂದ ದಿನದಿಂದ ಜಾಗ ಕದಲಿಸಿರಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು, ಆರದಂತೆ ಸೆರಗಿನ ಮರೆ ಮಾಡಿ, ಹೊಸ್ತಿಲಾಚೆ ಗೋಡೆಯ ಮಗ್ಗುಲಿಗೆ ಇಟ್ಟಳು. ಊದಿನಕಡ್ಡಿಯನ್ನೂ ಹೊರಗೊಯ್ದಳು. ಬಸಯ್ಯನವರು ಗಂಟೆ ಕೈಗೆ ತೆಗೆದುಕೊಂಡು ಹೆಂಡತಿಯನ್ನು ನೋಡಿದರು. ಅವರೇ ಗಂಟೆಯ ನಾಲಗೆಗೆ ಒಂದು ಬಟ್ಟೆಯ ಚೂರು ಸುತ್ತಿದರು. ಆ ದಿನ ಮಠದ ಮನೆಯಲ್ಲಿ ಗಂಟೆ ಅಲುಗಾಡಿತು, ಸದ್ದು ಮಾಡಲಿಲ್ಲ.

ಕತ್ತಲು ಕೂಡಿಕೊಂಡಿತು. ತಣ್ಣಗಿನ ನೆಲಕ್ಕೆ ಹಣೆ ಒತ್ತಿದ ನಾಗರತ್ನಾಳಿಗೆ ತಿಂಗಳುಗಳ ಮೇಲೆ ಮೈ ಸಡಿಲವಾಯಿತು. ನೋವು ಇತ್ತು. ಅದರ ಪಕ್ಕದಲ್ಲಿ ಮಲಗಲು ಜಾಗವೂ ಇತ್ತು.

ಪಡಸಾಲೆಯಿಂದ ಮಾತು ಕೇಳಿಸಿತು. ಇವತ್ತು ಹೋಳಿಗೆಗೆ ತಾನೇ ಬರುತ್ತೇನೆಂದು ತಂಗೆವ್ವ ಮೊಣಕಾಲು ಹಿಡಿದು ಏಳುತ್ತಿದ್ದಳು. ರಾಮವ್ವನಿಗೆ ಸಮಾಧಾನವಾಗಿರಲಿಲ್ಲ. ಆಪರೇಶನ್ ಆದವಳಿಗೆ ಮತ್ತೆ ತಿಂಗಳ ತ್ರಾಸು ಎಲ್ಲಿಯದು ಎಂದು ಕೇಳುತ್ತಿದ್ದಳು.

ಕದಕ್ಕೆ ಬೆರಳಿನಿಂದ ಎರಡು ಏಟು ಬಿದ್ದವು, ಮೆಲ್ಲಗೆ.

“ನೋಡ್ರಿ,” ಎಂದಿತು ಒಂದು ದನಿ, “ಚೀಲಾ ಅಷ್ಟ ತಗದಾರ. ಅಂಡಾಶಯ ಇನ್ನೂ ಡ್ಯೂಟಿ ಮ್ಯಾಲೆ ಅದಾವ. ಗೊತ್ತಾತಿಲ್ಲೋ?”

ತಂಗೆವ್ವ ಆ ಡಾಕ್ಟರಮ್ಮನನ್ನು ಜನ್ಮದಲ್ಲಿ ಕಂಡವಳಲ್ಲ. ಹಿತ್ತಲ ಗೋಡೆಯ ಆಚೀಚೆ ಕೇಳಿದ್ದಷ್ಟೇ. ಎಳೆತ ಕೊಂಚ ಹೆಚ್ಚಾಗಿತ್ತು, ಮೂಗು ತನ್ನದೇ ಉಳಿದಿತ್ತು, ಆದರೆ ಏಟು ಬಿದ್ದ ಜಾಗ ಸರಿಯಾಗಿತ್ತು.

ದೇವರಮನೆಯ ಕತ್ತಲಲ್ಲಿ ನಾಗರತ್ನಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಕ್ಕರೆ ತಲೆ ಸಿಡಿಯುತ್ತದೆ, ನಗಬಾರದು. ಹೊಸ್ತಿಲಾಚೆ ದೀಪ ಗೋಡೆಗೆ ಮುಖ ಮಾಡಿ ಉರಿಯುತ್ತಿತ್ತು. ಅತ್ತೆಯ ಕಾಲಿನ ಸಪ್ಪಳ ಬೀದಿಗೆ ಇಳಿದು, ನಿಧಾನವಾಗಿ, ನಿಜಗುಣಪ್ಪನ ಮನೆಯ ಕಡೆ ಹೋಯಿತು.